ಮೂಟೆ ಹೊತ್ತವನು

ಬಾಚಣಿಗೆಯ ಹಲ್ಲಿಗೆ ಸಿಕ್ಕಿಕೊಂಡ ಒಂದೇ ಒಂದು ಬಿಳಿಕೂದಲು, ಕಿಟಕಿಯ ಬೆಳಕಿಗೆ ಹಿಡಿದರೆ ಇದೆಯೋ ಇಲ್ಲವೋ ಅನ್ನುವಷ್ಟು ತೆಳು, ಅದನ್ನು ಬಿಡಿಸಿ ಬೆರಳಿಗೆ ಸುತ್ತಿಕೊಂಡಳು, ಎಲ್ಲಿ ಹಾಕುವುದೆಂದು ತೋಚದೆ ಸುತ್ತುತ್ತಲೇ ನಿಂತಳು, ಎದುರಿನ ಕುರ್ಚಿಯಲ್ಲಿ ಟೀಚರಮ್ಮನ ತಲೆ ಗುಬ್ಬಚ್ಚಿಯ ತಲೆಯ ಹಾಗೆ ಆ ಕಡೆ ಈ ಕಡೆ ತಿರುಗುತ್ತಿದೆ — ಒಂದ್ನಿಮಿಷ ಸುಮ್ನೆ ಕೂತ್ಕೊಳ್ಳಿ ಟೀಚರ್, ತುರುಬು ಸೊಟ್ಟಗಾಗುತ್ತೆ — ನನ್ನ ಹಲ್ಲೆಲ್ಲೇ ಹುಡುಗಿ? ಹುಡುಗಿಯಂತೆ, ತನ್ನ ತಲೆಯೇ ಅರ್ಧ ನರೆತಿದೆ, ಆದರೂ ಟೀಚರಮ್ಮನ ಕಣ್ಣಿಗೆ ತಾನಿನ್ನೂ ಚರ್ಚಿನ ಹಾಡುಗಾರರ ಸಾಲಿನಲ್ಲಿ ಕಡೆಗೆ ನಿಲ್ಲುವ ಉದ್ದ ಕಾಲಿನ ಹುಡುಗಿ, ಕೆಳದನಿ, ಹೌದು, ಹಾಗೇ ಕರೆಯುತ್ತಿದ್ದರು, ಎಲ್ಲ ಮಕ್ಕಳಿಗೂ ಅವರವರ ಗಂಟಲಿನ ಹೆಸರು, ಇವಳು ಕೆಳದನಿ, ಇವಳ ತಮ್ಮ ಅಪಸ್ವರ, ಇವನು ಬಾಯಿ ತೆಗೆದರೆ ಹಾರ್ಮೋನಿಯಂ ಕೂಡ ಮುಖ ಸಿಂಡರಿಸುತ್ತೆ ಎಂದು ಟೀಚರಮ್ಮ ಎಲ್ಲರೆದುರೇ ಅಂದಿದ್ದರು, ಅವನೋ ಬಿದ್ದುಬಿದ್ದು ನಕ್ಕಿದ್ದ, ಹಾಗಾದ್ರೆ ಗಂಟೆ ಹೊಡೀತೀನಿ ಬಿಡಿ ಟೀಚರ್, ಗಂಟೆಗೆ ಇರೋದು ಒಂದೇ ಸ್ವರ, ತಪ್ಪೋಕೆ ಜಾಗನೇ ಇಲ್ಲ — ಹೊಡೆದ, ಚರ್ಚಿನ ಗಂಟೆ ಹೊಡೆಯುವವನಾಗಿ, ಕಸ ಗುಡಿಸುವವನಾಗಿ, ಬೆಂಚು ಒರೆಸುವವನಾಗಿ, ಹಿಂದಿನ ಕೋಣೆಯಲ್ಲೇ ಮಲಗಿ ಏಳುವವನಾಗಿ ಇದ್ದು, ಮುದುಕನಾಗುವುದರೊಳಗೆ ಹೊರಟುಹೋದ. ಆ ಅಪಸ್ವರ ಹಲ್ಲು ತರ್ತೀನಿ ಅಂತ ಹೋದವನು ಇನ್ನೂ ಬಂದಿಲ್ವಲ್ಲೇ. ಬರ್ತಾನೆ ಟೀಚರ್. ಮೊದಮೊದಲು ನಿಜ ಹೇಳುತ್ತಿದ್ದಳು, ಅವನಿಲ್ಲ ಟೀಚರ್, ನೆರೆಯಲ್ಲಿ ಹೋದ ಎಂದು, ಟೀಚರಮ್ಮ ಎದೆ ಹಿಡಿದುಕೊಂಡು ಅಳುತ್ತಿದ್ದರು, ಸಂಜೆಗೆ ಮರೆಯುತ್ತಿದ್ದರು, ಮಾರನೆಯ ಬೆಳಗ್ಗೆ ಮತ್ತೆ ಅದೇ ಪ್ರಶ್ನೆ, ಮತ್ತೆ ಹೇಳಿದರೆ ಮೊದಲ ಸಲ ಕೇಳಿದವರ ಹಾಗೆಯೇ ಅಳು, ದಿನ ಬೆಳಗಾದರೆ ತಮ್ಮನನ್ನು ಹೊಸದಾಗಿ ಸಾಯಿಸುವುದು ತನ್ನ ಕೈಯಲ್ಲಾಗದು ಎಂದು ಒಂದು ದಿನ ನಿಲ್ಲಿಸಿಬಿಟ್ಟಳು, ಈಗ ಬರ್ತಾನೆ ಎನ್ನುತ್ತಾಳೆ, ತಲೆ ಬಾಚಿದಷ್ಟೇ ಸಲೀಸಾಗಿ ದಿನಕ್ಕೊಂದು ಸುಳ್ಳು, ಕರ್ತನು ಅದನ್ನು ಯಾವ ಲೆಕ್ಕಕ್ಕೆ ಹಾಕಿಕೊಳ್ಳುತ್ತಾನೋ ಹಾಕಿಕೊಳ್ಳಲಿ.

ಬಾಗಿಲ ಹಿಂದೆ ನೀಲಿ ಕೋಟು ನೇತಾಡುತ್ತಿದೆ, ನಿನ್ನೆಯೇ ಇಸ್ತ್ರಿ ಮಾಡಿದ್ದು, ಇಲಾಖೆಯ ಕೋಟು, ಎಡ ತೋಳಿನ ಮೇಲೆ ಗ್ರೀಸಿನ ಕಲೆ ಎಷ್ಟು ಉಜ್ಜಿದರೂ ಹೋಗಿಲ್ಲ, ದೊಡ್ಡ ಸಾಹೇಬರು ಫೋನಿನಲ್ಲಿ ಹೇಳಿದ್ದರು, ಕೋಟು ಹಾಕ್ಕೊಂಡೇ ಬನ್ನಿ ಅಮ್ಮಾ, ಫೋಟೋಗೆ ಚೆನ್ನಾಗಿರುತ್ತೆ, ಮಂತ್ರಿಗಳೇ ಪದಕ ಹಾಕ್ತಾರೆ, ನಾಗರಿಕ ಸೇವಾ ಪದಕ, ಅಣೆಕಟ್ಟೆಯ ಗೇಟಿನವರಿಗೆ ಇದುವರೆಗೆ ಯಾರಿಗೂ ಬಂದಿಲ್ಲ ಗೊತ್ತಾ. ಗೊತ್ತು. ಗೇಟಿನವರಿಗೆ ಏನು ಬರುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಅಪ್ಪನೂ ಗೇಟಿನವನೇ, ನೀರಿನ ಗೇಟಲ್ಲ, ರೈಲ್ವೆ ಗೇಟು, ರೈಲು ಬರುವ ಹೊತ್ತಿಗೆ ಯಾರೇ ಬರಲಿ ಅಡ್ಡಗಂಬ ಇಳಿಸುವವನು, ಒಂದು ಭಾನುವಾರ ಚರ್ಚಿನ ಅಯ್ಯನವರೇ ಆ ಕಡೆ ಸಿಕ್ಕಿಹಾಕಿಕೊಂಡು ಆರಾಧನೆಗೆ ತಡವಾಗಿ, ಮೈಯೆಲ್ಲ ಬೆವರಾಗಿ ಬಂದು ಪೀಠ ಹತ್ತಿ, ಸಭೆಯವರು ಮುಸಿಮುಸಿ ನಗುತ್ತಿರುವಾಗ, ಅಪ್ಪನ ಕಡೆ ಕೈ ತೋರಿಸಿ, ಈ ಮನುಷ್ಯ ತನ್ನ ಗೇಟಿನ ಬಳಿ ದೇವರ ಚಾಕರಿ ಮಾಡ್ತಿದ್ದ, ನಾನು ಹೊರಗೆ ನಿಂತು ಕೋಪ ಮಾಡ್ಕೊಳ್ತಿದ್ದೆ ಅಂದುಬಿಟ್ಟರು, ಅಪ್ಪ ಆ ಒಂದು ಮಾತನ್ನು ಸಾಯುವ ತನಕ ಮೆಲುಕು ಹಾಕುತ್ತಿದ್ದ. ಊಟಕ್ಕೆ ಕೂತರೆ ಅದೇ ಪಾಠ. ನೋಡ್ರೋ, ಈ ಊರಲ್ಲಿ ನಮ್ಮ ಸಭೆಯವರು ಅಂದ್ರೆ ಕೈಬೆರಳಲ್ಲಿ ಎಣಿಸೋ ಅಷ್ಟು ಜನ, ಅದಕ್ಕೇ ನಾವು ನೆಂಟರ ಹಾಗೆ ಮೂಲೇಲಿ ಕೂರಬೇಕು ಅಂತ ಕೆಲವರು ಅಂದ್ಕೊಂಡಿದಾರೆ, ನಾವು ನೆಂಟರಲ್ಲ ಕಣ್ರೋ, ಮನೆಯವರು, ಮನೆಯವರಾದ್ಮೇಲೆ ಮನೆ ಗುಡಿಸಬೇಕು. ತಮ್ಮ ಆ ಮಾತನ್ನು ಅಕ್ಷರಕ್ಕೆ ಅಕ್ಷರ ಹಿಡಿದುಕೊಂಡ, ಪೊರಕೆಯನ್ನೇ ಹಿಡಿದ, ಅಪ್ಪ ಗುಡಿಸು ಅಂದ, ಗುಡಿಸ್ತಾ ಇದೀನಿ ಎಂದು ಹಲ್ಲು ಕಿರಿಯುತ್ತಿದ್ದ, ಇವಳು ಪರೀಕ್ಷೆ ಬರೆದು ಇಲಾಖೆ ಸೇರಿ ಕಟ್ಟೆಯ ಮೇಲಿನ ಕೋಣೆಗೆ ಹೋದಳು, ಮದುವೆಯೆಂಬುದು ನಾಳೆ ನಾಡಿದ್ದು ಅನ್ನುತ್ತ ಎಲ್ಲೋ ಜಾರಿಹೋಯಿತು, ಪಾಳಿಗೆ ಕೂರುವ ಮುಂಚೆ ಗುಂಡಿಗಳ ಹಲಗೆಯ ಮೇಲೆ ಅಂಗೈಯಿಟ್ಟು ಒಂದು ಪ್ರಾರ್ಥನೆ, ಈ ನೀರು ಊರನ್ನ ಸಾಕಲಿ, ಯಾರನ್ನೂ ನುಂಗದೇ ಇರಲಿ, ಅಷ್ಟೇ, ಉದ್ದದ ಪ್ರಾರ್ಥನೆ ಅವಳಿಗೆ ಬರುತ್ತಿರಲಿಲ್ಲ. ತಮ್ಮ ಬಂದಾಗಲೆಲ್ಲ ಗೇಲಿ, ಊರಿಗೆಲ್ಲ ನೀರು ಕೊಡೋಳು ನೀನು, ಬಂದವನಿಗೆ ಒಂದು ಲೋಟ ಕೊಡೋಕೆ ಎಷ್ಟು ಹೊತ್ತೇ ಅಕ್ಕ.

ಹಾರನ್ನಿನ ಸದ್ದು. ಇಲಾಖೆಯ ವ್ಯಾನು ಬಂದಿತು, ಡ್ರೈವರು ಒಳಗೇ ಕೂತು ಒತ್ತುತ್ತಿದ್ದಾನೆ, ಬಂದೆ ಬಂದೆ, ಟೀಚರಮ್ಮನನ್ನು ಮನೆಯಲ್ಲಿ ಒಬ್ಬರನ್ನೇ ಬಿಡಲಾಗದು, ಎತ್ತಿ ಕೂರಿಸಬೇಕು, ಎತ್ತಿದರೆ ಏನೂ ಭಾರವಿಲ್ಲ, ಒಣಗಿದ ಸೌದೆಯಷ್ಟು, ಇಷ್ಟೇ ಭಾರವಿದ್ದರಾ ಅವತ್ತು ಕೂಡ — ಬೇಡ. ಎಲ್ಲಿಗೇ ಹುಡುಗಿ? ಸಭೆಗೆ ಟೀಚರ್. ಹಲ್ಲಿಲ್ದೆ ಸಭೆಗಾ? ಡ್ರೈವರು ಕನ್ನಡಿಯಲ್ಲಿ ನಕ್ಕ, ಅಜ್ಜಿ ಭಾರಿ ಜೋರು ಅಲ್ವಾ ಮೇಡಂ, ಹೌದಪ್ಪ. ಹೊರಗೆ ಬಿಸಿಲು, ಕಣ್ಣು ಚುಚ್ಚುವ ಬಿಸಿಲು, ಅವತ್ತೂ ಹೀಗೇ ಇತ್ತು, ಅದೇ ತಾನೇ ಎಲ್ಲ ಕೆಡಿಸಿದ್ದು, ಮೇಲಿನ ಬೆಟ್ಟಗಳಲ್ಲಿ ವಾರವಿಡೀ ಆಕಾಶ ಕಿತ್ತುಹೋದ ಹಾಗೆ ಸುರಿದಿತ್ತು, ಊರಿನ ಮೇಲೆ ಮಾತ್ರ ಒಂದು ಹನಿಯಿಲ್ಲ, ಹೆಂಗಸರು ಹಾಸಿಗೆ ಬಟ್ಟೆ ಒಣಹಾಕಿದ್ದರು, ಇಂಥ ಬಿಸಿಲಿನಲ್ಲಿ ನೆರೆ ಬರುತ್ತದೆ ಎಂದು ಸೈರನ್ನು ಕೂಗಿದರೆ ಯಾರು ನಂಬುತ್ತಾರೆ, ತಿಂಗಳಿಗೊಮ್ಮೆ ಪರೀಕ್ಷೆಗೆಂದು ಕೂಗಿಸುತ್ತಿದ್ದುದೂ ಅದೇ ಸೈರನ್ನು, ಕೆಳಬೀದಿಯವರು ಕಿವಿಗೇ ಹಾಕಿಕೊಳ್ಳಲಿಲ್ಲ. ವ್ಯಾನು ಕೆಳಬೀದಿಗೇ ತಿರುಗುತ್ತಿದೆ, ಬೇರೆ ದಾರಿ ಇಲ್ವೇನಪ್ಪ? ಇದೇ ಹತ್ರ ಮೇಡಂ. ಗೋಡೆಗಳ ಮೇಲೆ ಆಳೆತ್ತರಕ್ಕಿಂತ ಮೇಲೆ ಕೆಸರಿನ ಗೆರೆ, ಉದ್ದಕ್ಕೂ ಒಂದೇ ಮಟ್ಟ, ಯಾರೋ ದಾರ ಹಿಡಿದು ಎಳೆದ ಹಾಗೆ, ನೀರಿಗೆ ಎಂಥ ನ್ಯಾಯಬುದ್ಧಿ, ಟೈಲರಣ್ಣನ ಅಂಗಡಿಗೂ ಅದೇ ಎತ್ತರ, ಬೀಗ ಹಾಕಿದ ಟೀಚರಮ್ಮನ ಮನೆಗೂ ಅದೇ ಎತ್ತರ, ಎದುರಿನ ಚರ್ಚಿಗೂ. ಕಣ್ಣು ಮುಚ್ಚಿಕೊಂಡಳು, ಮುಚ್ಚಿದರೆ ಕಿವಿ ತೆರೆಯುತ್ತದೆ. ಅವತ್ತು ಮೊದಲು ತಮ್ಮನಿಗೇ ಫೋನು ಮಾಡಿದ್ದಳು, ಅದು ತಪ್ಪೋ ಸರಿಯೋ, ಇಲಾಖೆಯ ಫೋನಿನಿಂದ ಸ್ವಂತದವರಿಗೆ ಮಾಡಬಾರದು, ಮಾಡಿದ್ದಳು, ಏಯ್, ಈಗಿಂದೀಗ್ಲೇ ಹೊರಡು, ಶಾಲೆ ದಿಬ್ಬಕ್ಕೆ ಹೋಗು, ಗೇಟು ಎತ್ತೋ ಹಾಗಿದೆ. ನಿಜವಾಗ್ಲೂನಾ ಅಕ್ಕ? ನಿಜವಾಗ್ಲೂ. ಇಲ್ಲಿ ಯಾರೂ ಏಳ್ತಾನೇ ಇಲ್ವಲ್ಲ, ಸೈರನ್ನಿಗೆ ಬೈಕೊಂಡು ಕಿಟಕಿ ಮುಚ್ತಾ ಇದಾರೆ. ನೀನು ಹೊರಡೋ ಮೊದ್ಲು. ಆಯ್ತು ಅಕ್ಕ, ಹೊರಟೆ, ಬಾಗಿಲು ಹಾಕ್ತಾ ಇದೀನಿ. ಬಾಗಿಲು ಹಾಕುವವನು ಗಂಟೆಯ ಹಗ್ಗ ಹಿಡಿದ, ಕಟ್ಟೆಯ ಮೇಲೆ ಅವಳಿಗೆ ಕೇಳಿಸಿತು, ಆರಾಧನೆಯ ಗಂಟೆಯಲ್ಲ, ಸಾವಿನ ಗಂಟೆಯಲ್ಲ, ಹುಚ್ಚು ಹಿಡಿದವನ ಹಾಗೆ ಎಡೆಬಿಡದೆ ಬಡಿತ, ಸೈರನ್ನಿಗೆ ಏಳದವರು ಆ ಗಂಟೆಗೆ ಎದ್ದರು, ಏನಾಯ್ತು ಈ ಗಂಟೆಯವನಿಗೆ ಎಂದು ಬೈಯಲು ಹೊರಗೆ ಬಂದವರೇ ಹೊಳೆಯ ಬಣ್ಣ ನೋಡಿ ಮಕ್ಕಳನ್ನು ಎತ್ತಿಕೊಂಡು ಓಡಿದರು. ಅವಳು ಮೇಲೆ ಹಲ್ಲು ಕಚ್ಚುತ್ತಿದ್ದಳು, ಹೊರಡು ಅಂದ್ರೆ ಗಂಟೆ ಹೊಡೀತಾನಲ್ಲ ಕತ್ತೆ, ಹೊರಡೋ, ಹೊರಡೋ, ಆಮೇಲೆ ಗಂಟೆ ನಿಂತಿತು, ಅಬ್ಬ ಹೊರಟ ಎಂದುಕೊಂಡಳು, ನಿಂತಿದ್ದಕ್ಕೆ ದೇವರಿಗೆ ಸ್ತೋತ್ರ ಹೇಳಿದಳು, ಬಾಯಿಬಿಟ್ಟು ಹೇಳಿದಳು.

ಎಡದಂಡೆಯ ಬುಡದಲ್ಲಿ ನೀರು ಜಿನುಗುವುದು ಹೊಸದಲ್ಲ, ಮಣ್ಣಿನ ಕಟ್ಟೆ ಜಿನುಗಿಯೇ ಜಿನುಗುತ್ತದೆ, ತಿಳಿನೀರು ಬಂದರೆ ಭಯವಿಲ್ಲ, ಕೆಂಪಾಗಿ ಬಂದರೆ ಕಟ್ಟೆ ಒಳಗಿನಿಂದ ತನ್ನನ್ನೇ ತಿನ್ನುತ್ತಿದೆ ಎಂದರ್ಥ, ಅವತ್ತು ಕೆಂಪಾಗಿ ಬರುತ್ತಿತ್ತು. ದೊಡ್ಡ ಸಾಹೇಬರ ದನಿ ಫೋನಿನಲ್ಲಿ ಒಡೆದೊಡೆದು, ಹೇಗಿದೆ ಅಮ್ಮಾ ಎಡಗಡೆ? ಕೆಂಪಾಗಿ ಬರ್ತಿದೆ ಸರ್, ಜಾಸ್ತಿ ಆಗ್ತಿದೆ. ಅಲ್ಲಿರೋರು ನೀವು, ನಿಮಗೆ ಹೇಗೆ ಸರಿ ಅನ್ನಿಸುತ್ತೋ — ಅಲ್ಲಿಗೆ ಲೈನು ಸತ್ತುಹೋಯಿತು, ಸತ್ತಿತೋ ಸಾಯಿಸಿದರೋ ಆ ದೇವರಿಗೇ ಗೊತ್ತು. ಇನ್ಸ್‌ಪೆಕ್ಟರು ವೈರ್‌ಲೆಸ್ಸಿನಲ್ಲಿ ಕೂಗುತ್ತಿದ್ದರು, ಕೆಳಬೀದಿ ಇನ್ನೂ ಪೂರ್ತಿ ಖಾಲಿ ಆಗಿಲ್ಲ, ಸ್ವಲ್ಪ ತಡೀರಿ ಮೇಡಂ, ಸ್ವಲ್ಪ ತಡೀರಿ, ತಡೆದಳು, ಮತ್ತೆ ತಡೆದಳು, ಕಿಟಕಿಯಲ್ಲಿ ಬಗ್ಗಿ ನೋಡಿದರೆ ಜಿನುಗು ಹೋಗಿ ತೋಳು ದಪ್ಪದ ಧಾರೆಯಾಗಿದೆ, ಗೇಟೆತ್ತಿದರೆ ಕೆಳಬೀದಿ ಮುಳುಗುತ್ತದೆ, ಎತ್ತದೆ ಕಟ್ಟೆ ಹೋದರೆ ಕೆಳಬೀದಿ ಮಾತ್ರವಲ್ಲ, ಪೇಟೆ, ಆಸ್ಪತ್ರೆ, ಶಾಲೆ ದಿಬ್ಬ, ದಿಬ್ಬದ ಮೇಲೆ ಓಡಿಹೋಗಿ ನಿಂತವರೂ ಸೇರಿ ಇಡೀ ಊರು, ಆಚೆಯ ಊರುಗಳೂ. ಮೂರನೇ ಸಲ ಸೈರನ್ನು ಕೂಗಿಸಿ ಮೊದಲ ಸಾಲು ಗುಂಡಿಗಳನ್ನು ಒತ್ತಿದಳು. ಅದು ಒಂದು ಸಲ ಒತ್ತಿ ಕೈ ಬಿಡುವ ಗುಂಡಿಯಲ್ಲ, ಹಿಡಿದುಕೊಂಡೇ ಇರಬೇಕು, ಹೆಬ್ಬೆರಳು ತೆಗೆದರೆ ಗೇಟು ಎದ್ದಲ್ಲೇ ನಿಂತುಬಿಡುತ್ತದೆ, ಅಪಘಾತವಾಗದಿರಲೆಂದು ಯಾರೋ ಬುದ್ಧಿವಂತರು ಮಾಡಿಟ್ಟದ್ದು, ಮೋಟಾರು ನರಳುತ್ತಿತ್ತು, ನೆಲ ಅದುರುತ್ತಿತ್ತು, ಹೆಬ್ಬೆರಳು ಬಿಳಚಿಕೊಂಡಿತ್ತು, ಇನ್ನೊಂದು ಕೈಯಲ್ಲಿ ದುರ್ಬೀನು, ಕೆಳಗಿನ ಅಳತೆಗಂಬ ನೋಡುವುದಕ್ಕೆಂದು ಇಟ್ಟಿದ್ದು, ಅದನ್ನೇ ಕೆಳಬೀದಿಗೆ ತಿರುಗಿಸಿದಳು. ಖಾಲಿ. ಬಿಸಿಲಲ್ಲಿ ಒಣಗುತ್ತಿದ್ದ ಬಟ್ಟೆಗಳು, ಒಂದು ಉರುಳಿದ ಸೈಕಲ್ಲು, ಖಾಲಿ ಬೀದಿ — ಖಾಲಿಯಲ್ಲ. ಒಬ್ಬ ಮನುಷ್ಯ. ಬೀದಿ ದಾಟುತ್ತಿದ್ದಾನೆ, ಬೆನ್ನ ಮೇಲೆ ಮೂಟೆ, ನಡು ಬಗ್ಗಿದೆ, ತಲೆ ಕಾಣದಷ್ಟು ಬಗ್ಗಿದೆ, ಮೂಟೆಯ ಬಾಯಿ ಕಟ್ಟಿದ ಗಂಟಿನ ಕಿವಿಗಳು ಎರಡು ಬೆಳ್ಳಗೆ ಅತ್ತಿತ್ತ ತೂಗುತ್ತಿವೆ. ಥೂ, ಎಂದುಕೊಂಡಳು, ಪ್ರಾಣಕ್ಕೆ ಬಂದಿರುವಾಗಲೂ ಸಾಮಾನು ಹೊರ್ತಾನಲ್ಲ, ಮನುಷ್ಯನ ಆಸೆಗೆ ಕೊನೆಯೇ ಇಲ್ವಾ, ಓಡೋ ಮಾರಾಯ, ಎಸೆದು ಓಡು. ಹೆಬ್ಬೆರಳು ತೆಗೆಯಲಿಲ್ಲ. ಮೂಟೆ ಹೊತ್ತವನು ಚರ್ಚಿನ ಗೋಡೆಯ ಮರೆಗೆ ಹೋದ, ದಾಟಿದ, ಸದ್ಯ, ದಾಟಿದ, ದುರ್ಬೀನು ಕೆಳಗಿಟ್ಟು ಎರಡನೆಯ ಸಾಲಿನ ಗುಂಡಿಗಳಿಗೆ ಕೈ ಹಾಕಿದಳು.

ಮೇಡಂ ಕಿಟಕಿ ಹಾಕ್ಲಾ, ಧೂಳು ಬರ್ತಿದೆ — ಹಾಕಪ್ಪ. ಟೀಚರಮ್ಮನಿಗೆ ನಿದ್ದೆ ಹತ್ತಿದೆ, ತಲೆ ಇವಳ ಭುಜಕ್ಕೆ ಒರಗಿದೆ, ಬಾಯಿ ಒಳಕ್ಕೆ ಕುಸಿದಿದೆ. ಹಲ್ಲು ಸಿಕ್ಕಿಲ್ಲವೆಂದಲ್ಲ. ಸಿಕ್ಕಿದವು. ನೀರಿಳಿದ ಮೇಲೆ ಟೀಚರಮ್ಮನ ಮನೆಯ ಮೆಟ್ಟಿಲ ಬಳಿ ಅವನು ಸಿಕ್ಕಿದಾಗ ಅವನ ಅಂಗಿಯ ಜೇಬಿನಲ್ಲಿ, ಗುಂಡಿ ಹಾಕಿದ ಜೇಬಿನಲ್ಲಿ, ಹಲ್ಲಿನ ಡಬ್ಬಿ ಭದ್ರವಾಗಿತ್ತು, ತೆಗೆದುಕೊಂಡು ಹಿಂದಕ್ಕೆ ಹೊರಟಿದ್ದ, ಒಂದು ಬೀದಿಯ ಅಗಲ ದಾಟಿದ್ದರೆ ಆಗುತ್ತಿತ್ತು, ಅವಳು ಆ ಹಲ್ಲನ್ನು ಬಿಸಿನೀರಿನಲ್ಲಿ ತೊಳೆದು, ಮತ್ತೆ ತೊಳೆದು ಟೀಚರಮ್ಮನ ಬಾಯಿಗೆ ಹಾಕಿದಳು, ಟೀಚರಮ್ಮ ನಾಲಗೆಯಿಂದ ತಡವಿ ನೋಡಿ ಉಗುಳಿಬಿಟ್ಟರು, ಇದು ನಂದಲ್ಲ. ಎಲ್ಲ ಹೇಳಿದವನು ಟೈಲರಣ್ಣ, ಸಾವಿನ ಮನೆಗೆ ಬಂದು ಟೋಪಿ ಕೈಯಲ್ಲಿ ಹಿಸುಕುತ್ತ ಕೂತಿದ್ದ, ನಾನೇ ಕಡೇಗೆ ಹೊರಟಿದ್ದು ಅಕ್ಕಾವ್ರೆ, ಬೀದಿ ತುದೀಲಿ ತಿರುಗಿ ನೋಡ್ತೀನಿ, ನಿಮ್ಮ ತಮ್ಮ ಗಂಟೆ ಬಿಟ್ಟು ಟೀಚರಮ್ಮನ ಮನೆಗೆ ನುಗ್ತಾ ಇದಾನೆ, ಆಯಮ್ಮ ಹಾಸಿಗೆ ಬಿಟ್ಟು ಏಳೋ ಹಾಗಿರಲಿಲ್ವಲ್ಲ, ಬಾರೋ ಅಂತ ಕೂಗಿದೆ, ಬಂದೆ ಅಣ್ಣ ನೀನು ನಡಿ ಅಂದ, ಆಯಮ್ಮನ್ನ ಬೆನ್ನಿಗೆ ಕೂಸುಮರಿ ಮಾಡ್ಕೊಂಡು ಹೊರಗೆ ಬಂದ, ದಿಬ್ಬದ ತನಕ ಆಗಲ್ಲ ಅಂತ ಎದುರಿಗಿರೋ ಚರ್ಚಿಗೇ, ಹಾಡುಗಾರರ ಅಟ್ಟಕ್ಕೇ ಹತ್ತಿಸಿರಬೇಕು. ಕೂಸುಮರಿ. ಆ ಮಾತು ಒಳಗೆ ಇಳಿಯಲು ಹೊತ್ತು ಹಿಡಿಯಿತು. ಯಾವ ಹೊತ್ತಿಗೆ ಟೈಲರಣ್ಣ? ಸೈರನ್ನು ಮೂರನೇ ಸಲ ಕೂಗ್ತಾ ಇತ್ತು ಅಕ್ಕಾವ್ರೆ. ಆ ಹೊತ್ತಿಗೆ ಬೀದಿಯಲ್ಲಿ ಬೇರೆ ಯಾರಾದ್ರೂ? ಒಂದು ನರಪಿಳ್ಳೆ ಇರಲಿಲ್ಲ, ನಿಮ್ಮ ತಮ್ಮ ಒಬ್ಬನೇ. ಟೀಚರಮ್ಮನನ್ನು ದೋಣಿಯವರು ಮಾರನೆಯ ದಿನ ಅಟ್ಟದಿಂದ ಇಳಿಸಿ ತಂದಾಗ, ಹಾರ್ಮೋನಿಯಂ ಮುಂದಿನ ಸ್ಟೂಲಿನ ಮೇಲೆ ಕೂತೇ ಇದ್ದರಂತೆ, ಕಂಬಳಿ ಸುತ್ತಿದ ಮೈ, ಕಾಲಿಗೆ ಬಿಳಿ ಕಾಲುಚೀಲ, ಎಷ್ಟು ಬಿಳಿ, ಒಂದು ಹನಿ ಕೆಸರು ತಾಗಿಲ್ಲ, ಊರೆಲ್ಲ ಕೆಸರಿನಲ್ಲಿ ಮಿಂದಿರುವಾಗ ಆ ಎರಡು ಕಾಲುಚೀಲ ಮಾತ್ರ ಹಾಗೇ, ಟೈಲರಣ್ಣನ ಮಾತು ಕೇಳಿದ ಮೇಲೆ ಅವನ್ನು ನೆನೆದವಳಿಗೆ ಹೊಳೆಯಿತು, ದುರ್ಬೀನಿನಲ್ಲಿ ತೂಗಿದ್ದು ಮೂಟೆಯ ಕಿವಿಗಳಲ್ಲ. ಯಾರಿಗೂ ಹೇಳಲಿಲ್ಲ. ಅಯ್ಯನವರು ಸಮಾಧಾನ ಹೇಳಲು ಬಂದು ಕೈ ಹಿಡಿದುಕೊಂಡು, ನೀವು ಒಬ್ಬ ಕ್ರೈಸ್ತ ನಾಗರಿಕಳು ಮಾಡಬೇಕಾದ್ದನ್ನು ಮಾಡಿದ್ರಿ, ದೇಶಕ್ಕಾಗಿ ಸ್ವಂತದವರನ್ನೇ ಒಪ್ಪಿಸಿದ್ರಿ, ಅದಕ್ಕಿಂತ ದೊಡ್ಡ ಸೇವೆ ಯಾವುದಮ್ಮ ಎಂದಾಗಲೂ ಹೇಳಲಿಲ್ಲ. ಒಪ್ಪಿಸಿದಳಂತೆ. ಅವಳು ಯಾರನ್ನೂ ಒಪ್ಪಿಸಲಿಲ್ಲ, ಅವಳು ಒಪ್ಪಿಸಿದ್ದು ಒಂದು ಮೂಟೆಯನ್ನು ಹೊತ್ತ ಯಾವನೋ ಒಬ್ಬನನ್ನು, ತಮ್ಮ ಎಂದು ಗುರುತು ಸಿಕ್ಕಿದ್ದರೆ — ಇಲ್ಲಿಗೆ ಬಂದು ಪ್ರತಿಸಲವೂ ನಿಲ್ಲುತ್ತದೆ — ಗುರುತು ಸಿಕ್ಕಿದ್ದರೆ ಹೆಬ್ಬೆರಳು ತಾನಾಗಿ ಎದ್ದುಬಿಡುತ್ತಿತ್ತು, ಅದು ಅವಳಿಗೆ ಗೊತ್ತು, ತನ್ನ ಹೆಬ್ಬೆರಳು ಅವಳಿಗೆ ಗೊತ್ತು, ಗೇಟು ಅರ್ಧಕ್ಕೇ ನಿಂತು, ಅವನು ಹಲ್ಲನ್ನೂ ತಂದು, ಬಹುಶಃ ಬದುಕಿ, ಕಟ್ಟೆ ಹೋಗಿ, ಊರು ಹೋಗಿ. ಹಾಗಾದರೆ ದೇವರೇ ಅವಳ ಕಣ್ಣಿಗೆ ಮೂಟೆ ತೋರಿಸಿದನೇ, ಊರನ್ನು ಉಳಿಸಲು ಅಕ್ಕನ ಕಣ್ಣು ಕಟ್ಟಿದನೇ, ಅಂಥ ದೇವರನ್ನು ಇವಳು ಚಿಕ್ಕಂದಿನಿಂದ ಕೆಳದನಿಯಲ್ಲಿ ಹಾಡುತ್ತ ಬಂದಿದ್ದಳೇ. ಅಥವಾ ದೇವರು ಅಲ್ಲಿ ಕೋಣೆಯಲ್ಲಿ ಇರಲೇ ಇಲ್ಲವೋ ಏನೋ, ಕೆಳಗೆ ಬೀದಿಯಲ್ಲಿ ನಡು ಬಗ್ಗಿಸಿಕೊಂಡು ದಾಟುತ್ತಿದ್ದನೋ ಏನೋ.

ಸಭಾಂಗಣದಲ್ಲಿ ಫ್ಯಾನುಗಳ ಸದ್ದು, ಹೊಸ ಬಣ್ಣದ ವಾಸನೆ, ಮುಂದಿನ ಸಾಲಿನಲ್ಲಿ ಟೀಚರಮ್ಮನನ್ನು ಕೂರಿಸಿ ಬಂದಳು, ಪಕ್ಕದಲ್ಲಿ ಅಯ್ಯನವರು, ಹಿಂದೆ ಸಭೆಯ ಹಿರಿಯರು, ಹಾಡುಗಾರರು, ಎಲ್ಲರ ಮುಖದಲ್ಲೂ ಹೆಮ್ಮೆ, ನಮ್ಮವಳು, ನಮ್ಮ ಸಭೆಯವಳು, ಕಡೆಯ ಸಾಲುಗಳಲ್ಲಿ ಕೆಳಬೀದಿಯವರು, ಅವರ ಮುಖದಲ್ಲಿ ಏನಿದೆಯೋ ವೇದಿಕೆಯಿಂದ ಕಾಣುವುದಿಲ್ಲ, ದೂರದವರು ಎಂದೂ ಕಾಣುವುದಿಲ್ಲ. ದೊಡ್ಡ ಸಾಹೇಬರು ಮಾತಾಡುತ್ತಿದ್ದಾರೆ, ಕ್ಷಣಕ್ಷಣಕ್ಕೂ ನಾನು ಫೋನಿನಲ್ಲಿ ಸೂಚನೆ ಕೊಡ್ತಾ ಇದ್ದೆ ಅನ್ನುತ್ತಿದ್ದಾರೆ, ಅನ್ನಲಿ, ಅದರ ಮೇಲೆ ಅವಳಿಗೆ ಸಿಟ್ಟೂ ಬರುತ್ತಿಲ್ಲ, ಎಚ್ಚರಿಕೆಯನ್ನು ಕಡೆಗಣಿಸಿ ಹಿಂದೆ ಉಳಿದ ಒಬ್ಬರನ್ನು ಬಿಟ್ಟರೆ ಒಂದೇ ಒಂದು ಜೀವಹಾನಿಯಾಗಲಿಲ್ಲ ಅನ್ನೋದು ನಮ್ಮ ಇಲಾಖೆಗೆ — ಕಡೆಗಣಿಸಿ, ಹಿಂದೆ ಉಳಿದ, ಒಬ್ಬರು, ಅಷ್ಟರಲ್ಲಿ ಹಿಂದಿನಿಂದ ಕುರ್ಚಿ ಎಳೆದ ಸದ್ದು, ಟೈಲರಣ್ಣ ಎದ್ದು ನಿಂತಿದ್ದಾನೆ, ಸ್ವಾಮೀ, ಅವನು ಕಡೆಗಣಿಸಲಿಲ್ಲ ಸ್ವಾಮೀ, ಅವನು ಗಂಟೆ ಹೊಡೆದಿದ್ದಕ್ಕೇ ನಾವಿಷ್ಟು ಜನ ಇಲ್ಲಿ ಕೂತಿದೀವಿ, ಕೂತ್ಕೊಳ್ಳಪ್ಪ, ಆಮೇಲೆ ಹೇಳು, ಅಲ್ಲ ಸ್ವಾಮೀ ಹೆಸರಾದರೂ ಹೇಳ್ಬಹುದಿತ್ತಲ್ಲ, ಕೂರಯ್ಯ ಮಂತ್ರಿಗಳಿದ್ದಾರೆ. ಪೊಲೀಸಿನವನು ಆ ಕಡೆ ನಡೆದ. ಟೈಲರಣ್ಣ ಕೂತ, ಆದರೆ ಅವನ ಸಾಲಿನವರು ಒಬ್ಬೊಬ್ಬರಾಗಿ ಎದ್ದು ನಿಂತರು, ನಿಂತೇ ಇದ್ದರು, ಸಾಹೇಬರು ನೀರು ಕುಡಿದು ಮುಂದುವರಿಸಿದರು, ಇನ್ನು ಈ ತಾಯಿಯ ಬಗ್ಗೆ ಒಂದು ಮಾತು, ಎಲ್ಲರೂ ಮುಖ ನೋಡಿ ಕೆಲಸ ಮಾಡುವ ಈ ಕಾಲದಲ್ಲಿ, ನಮ್ಮವರು ತಮ್ಮವರು ಅಂತ ಮುಲಾಜು ಇಟ್ಟುಕೊಳ್ಳದೆ, ಈ ತಾಯಿ ಯಾರ ಮುಖವನ್ನೂ ನೋಡಲಿಲ್ಲ. ಚಪ್ಪಾಳೆ. ಯಾರ ಮುಖವನ್ನೂ ನೋಡಲಿಲ್ಲ. ಚಪ್ಪಾಳೆ ನಿಲ್ಲುತ್ತಿಲ್ಲ, ಎಷ್ಟು ಸರಿಯಾಗಿ ಹೇಳಿದರು, ಗೊತ್ತಿಲ್ಲದೆ ಎಷ್ಟು ಸರಿಯಾಗಿ, ದುರ್ಬೀನಿನ ಆ ಪುಟ್ಟ ದುಂಡು ಬೆಳಕಿನಲ್ಲಿ ಬೆನ್ನಿತ್ತು, ಕಾಲಿತ್ತು, ಮೂಟೆಯಿತ್ತು, ಮುಖವಿರಲಿಲ್ಲ. ಅಪ್ಪ ಹೇಳಿದ ಸೇವೆ ಇದೇನಾ, ದೇಶ ಅಂದರೆ ಮುಖವಿಲ್ಲದ್ದಾ, ಅಪ್ಪನ ಗೇಟಿನ ಬಳಿ ಎಲ್ಲರಿಗೂ ಮುಖವಿತ್ತು, ಕಾಯುತ್ತ ನಿಂತ ಗಾಡಿಯವನಿಗೆ ಅಪ್ಪ ಹೂಜಿಯ ನೀರು ಕೊಡುತ್ತಿದ್ದ, ಮಗು ಎತ್ತಿಕೊಂಡವಳಿಗೆ ನೆರಳು ತೋರಿಸುತ್ತಿದ್ದ, ಇವಳ ಕೋಣೆ ಎಷ್ಟು ಎತ್ತರದಲ್ಲಿತ್ತೆಂದರೆ ಅಲ್ಲಿಂದ ಜನ ಎಂಬುದು ಇರುವೆಯ ಸಾಲು, ಅವರಿಗಾಗಿ ಪ್ರಾರ್ಥನೆ ಮಾಡಬಹುದಿತ್ತು, ಗುರುತು ಹಿಡಿಯಲಾಗುತ್ತಿರಲಿಲ್ಲ.

ಪದಕ ತಣ್ಣಗಿದೆ, ಮಂತ್ರಿಗಳ ಕೈ ಬೆಚ್ಚಗಿದೆ, ಕೋಟಿಗೆ ಪಿನ್ನು ಚುಚ್ಚುವಾಗ ಕ್ಯಾಮೆರಾ ಮಿಂಚಿ ಕಣ್ಣಿಗೆ ಬಿಳಿ ಚುಕ್ಕೆಗಳು ಕವಿದವು, ಎರಡು ಮಾತಾಡಿ ಅಮ್ಮಾ ಎಂದು ಸಾಹೇಬರು ಬೆನ್ನು ತಟ್ಟಿ ಮೈಕಿನ ಕಡೆ ದೂಡುತ್ತಿದ್ದಾರೆ, ಅಯ್ಯನವರು ಕೆಳಗಿನಿಂದ ತಲೆಯಾಡಿಸುತ್ತಿದ್ದಾರೆ, ಹೇಳಿ ಹೇಳಿ ಎಂಬಂತೆ, ಅವರು ಬರೆದುಕೊಟ್ಟ ಮಾತುಗಳು ಬಾಯಿಪಾಠವಾಗಿವೆ, ಸೇವೆ ಮಾಡುವ ಅವಕಾಶ ಕೊಟ್ಟ ದೇವರಿಗೂ ದೇಶಕ್ಕೂ ಸ್ತೋತ್ರ, ಅಷ್ಟು ಹೇಳಿ ಇಳಿದರೆ ಮುಗಿಯಿತು, ಎಲ್ಲರೂ ಮನೆಗೆ ಹೋಗಿ ಉಣ್ಣಬಹುದು. ಹಿಂದಿನ ಸಾಲಿನವರು ಇನ್ನೂ ನಿಂತಿದ್ದಾರೆ. ನಮಸ್ಕಾರ, ಎಂದಳು. ಸಾಹೇಬ್ರು ಹೇಳಿದ್ದು ನಿಜ, ಎಂದಳು, ದನಿ ತನ್ನದಲ್ಲವೆಂಬಂತೆ ಗೋಡೆಗೆ ಬಡಿದು ಹಿಂದಕ್ಕೆ ಬಂತು, ನಾನು ಯಾರ ಮುಖಾನೂ ನೋಡ್ಲಿಲ್ಲ. ಅದು ಸೇವೆ ಅಲ್ಲ. ಮುಖ ನೋಡಿದ್ದು ನನ್ನ ತಮ್ಮ, ಅವನು ಒಬ್ರ ಮುಖ ನೋಡ್ದ, ಅವರನ್ನ ಹೊತ್ಕೊಂಡ. ನಾನು ಮೇಲಿಂದ ನೋಡ್ತಾ ಇದ್ದೆ, ಒಬ್ಬ ಮನುಷ್ಯ ಬೀದಿ ದಾಟ್ತಿದ್ದ, ನಾನು ನೋಡ್ದೆ, ನೋಡ್ತಾ ಇದ್ದೂ ಕೈ — ಅಷ್ಟೇ, ಮುಂದಿನ ಮಾತು ಬಾರದು, ಹೆಬ್ಬೆರಳು ಮೈಕಿನ ಕಂಬವನ್ನು ಒತ್ತಿ ಹಿಡಿದಿದೆ, ಬಿಳಚಿಕೊಂಡಿದೆ, ಸಾಹೇಬರು ಸಣ್ಣಗೆ ಕೆಮ್ಮಿದರು, ಅಯ್ಯನವರ ತಲೆ ಆಡುವುದು ನಿಂತಿದೆ, ಅಷ್ಟರಲ್ಲಿ ಮುಂದಿನ ಸಾಲಿನಿಂದ ಹಲ್ಲಿಲ್ಲದ ಬಾಯಿಯ ಗದರಿಕೆ, ಏ ಕೆಳದನಿ, ಗಟ್ಟಿಯಾಗಿ ಹೇಳೇ, ಒಂದಕ್ಷರ ಕೇಳಿಸ್ತಿಲ್ಲ — ಕಣ್ಣು ಕೆಳಗೆ ಹೋಯಿತು, ಟೀಚರಮ್ಮ ಕುರ್ಚಿಯಲ್ಲಿ ಹಿಂದಕ್ಕೆ ಜಾರಿ ಕೂತಿದ್ದಾರೆ, ಕುರ್ಚಿ ಎತ್ತರ, ಕಾಲು ನೆಲ ಮುಟ್ಟುತ್ತಿಲ್ಲ, ಚಪ್ಪಲಿ ಕಳಚಿ ಬಿದ್ದಿವೆ, ಬಿಳಿ ಕಾಲುಚೀಲದ ಎರಡು ಪಾದಗಳು, ಮಗುವಿನವಷ್ಟು ಪುಟ್ಟವು, ಅತ್ತ ಇತ್ತ ತೂಗುತ್ತಿವೆ, ಬೆಳ್ಳಗೆ, ಅತ್ತ ಇತ್ತ, ನಡು ಬಗ್ಗಿದ ಬೆನ್ನೊಂದರ ಎರಡೂ ಕಡೆಗೆ ತೂಗಿದ ಹಾಗೆ, ಬೆಳ್ಳಗೆ, ಅತ್ತ, ಇತ್ತ